ಸ್ಪ್ಯಾನಿಷ್ ಬಂದರಿನ ಮಾತು, ಇಂಗ್ಲಿಷ್ ಕಾಗದದ ಮಾತು

ಹಡಗಿನಲ್ಲಿ ಸಾಗುವ ಸರಕಿಗೆ ಇಂಗ್ಲಿಷಿನಲ್ಲಿ 'ಕಾರ್ಗೊ' ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿಯೂ ಈ ಮಾತು ಬಳಕೆಗೆ ಬಂದು ಬಹುಕಾಲವಾಯಿತು. ಆದರೆ ಇದು ಇಂಗ್ಲಿಷರ ಮನೆಯ ಮಾತಲ್ಲ. ಹದಿನೇಳನೆಯ ಶತಮಾನದಲ್ಲಿ ಅವರು ಇದನ್ನು ಸ್ಪ್ಯಾನಿಷ್ ಭಾಷೆಯಿಂದ ಕಡ ತಂದುಕೊಂಡರು. ವಿನೋದದ ಸಂಗತಿಯೆಂದರೆ, ಇಂದು ಸ್ಪೇನಿನ ಬಂದರೊಂದರಲ್ಲಿ ನಿಂತು 'ಕಾರ್ಗೊ ಎಲ್ಲಿದೆ?' ಎಂದು ವಿಚಾರಿಸಿದರೆ ಕೇಳಿಸಿಕೊಂಡವನು ತಬ್ಬಿಬ್ಬಾದಾನು. ಅವನ ಭಾಷೆಯಲ್ಲಿ 'ಕಾರ್ಗೊ' ಎಂದರೆ ಮುಖ್ಯವಾಗಿ ಹುದ್ದೆ, ಹೊಣೆ, ಆರೋಪ, ಇಲ್ಲವೆ ಖಾತೆಗೆ ಹಚ್ಚಿದ ಖರ್ಚು. ಸರಕಿಗೆ ಅವನು ಹೇಳುವ ಮಾತು 'ಕಾರ್ಗಾ'. ಕಡ ಕೊಟ್ಟವರ ಮನೆಯಲ್ಲಿ ಮಾತು ಮುಂದೆ ನಡೆದಿದೆ. ಕಡ ಪಡೆದವರ ಮನೆಯಲ್ಲಿ ಅದು ನಿಂತಲ್ಲೇ ನಿಂತಿದೆ.

ಸ್ಪ್ಯಾನಿಷಿನ ಹಡಗು ವ್ಯವಹಾರದ ಮಾತುಗಳನ್ನು ಇಂಗ್ಲಿಷಿಗೆ ತರುವವನ ಕಷ್ಟ ಇಲ್ಲಿಂದಲೇ ಆರಂಭವಾಗುತ್ತದೆ. ಅವನನ್ನು ಕಾಡುವುದು ಗೊತ್ತಿಲ್ಲದ ಮಾತುಗಳಲ್ಲ. ಗೊತ್ತಿಲ್ಲದ ಮಾತಿಗೆ ನಿಘಂಟು ಇದ್ದೇ ಇದೆ. ಗೊತ್ತಿರುವಂತೆ ತೋರುವ ಮಾತು, ಪರಿಚಿತ ಮುಖ ಹೊತ್ತು ಎದುರು ಬಂದು ನಗುವ ಮಾತು, ಅದೇ ಅವನನ್ನು ಕೆಡಿಸುತ್ತದೆ.

ಈ ಭಾಷಾಂತರದ ಅಗತ್ಯವೇನೆಂದು ಮೊದಲು ನೋಡೋಣ. ಸ್ಪ್ಯಾನಿಷ್ ಸುಮಾರು ಇಪ್ಪತ್ತು ದೇಶಗಳ ಆಡಳಿತ ಭಾಷೆ. ಸ್ಪೇನಿನ ವಾಲೆನ್ಸಿಯಾ, ಮೆಕ್ಸಿಕೋದ ವೆರಾಕ್ರೂಸ್, ಪೆರುವಿನ ಕಯಾವೊ, ಚಿಲಿಯ ವಾಲ್ಪರೈಸೊ, ಇಂಥ ಬಂದರುಗಳಲ್ಲಿ ಸರಕನ್ನು ಎತ್ತುವವರು, ಇಳಿಸುವವರು, ಎಣಿಸುವವರು, ಬರೆದುಕೊಳ್ಳುವವರು ಎಲ್ಲರೂ ಸ್ಪ್ಯಾನಿಷಿನಲ್ಲಿಯೇ ಮಾತನಾಡುತ್ತಾರೆ. ಆದರೆ ಕಡಲ ವ್ಯಾಪಾರದ ಕರಾರುಗಳು ಬಹುಮಟ್ಟಿಗೆ ಇಂಗ್ಲಿಷಿನವು. ವ್ಯಾಜ್ಯ ಹುಟ್ಟಿದರೆ ಅನೇಕ ವೇಳೆ ಅದು ಲಂಡನ್ನಿನ ಪಂಚಾಯಿತಿಯ ಮುಂದೆ ಹೋಗುತ್ತದೆ. ಹಡಗಿನ ಮೇಲೆ ಆಡುವ ಮಾತಿಗೂ ಇಂಗ್ಲಿಷೇ ಸಾಮಾನ್ಯ ಭಾಷೆಯಾಗಿದೆ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನೌಕಾ ಸಂಸ್ಥೆ 2001ರಲ್ಲಿ ನಾವಿಕರ ಬಳಕೆಗಾಗಿ ನಿಯತ ವಾಕ್ಯಗಳ ಒಂದು ಸಂಗ್ರಹವನ್ನೇ ಅಂಗೀಕರಿಸಿತು. ಒಂದು ವಸ್ತುವಿಗೆ ಒಂದೇ ಹೆಸರು, ಒಂದು ಕೆಲಸಕ್ಕೆ ಒಂದೇ ವಾಕ್ಯ ಎಂಬುದು ಅದರ ತತ್ತ್ವ. ಹೀಗಾಗಿ ಧಕ್ಕೆಯ ಮೇಲೆ ಸ್ಪ್ಯಾನಿಷಿನಲ್ಲಿ ನಡೆದ ಘಟನೆ, ಹಣ ಕೊಡುವ ಬ್ಯಾಂಕಿಗೂ ವಿಮೆಯವರಿಗೂ ಇಂಗ್ಲಿಷ್ ಕಾಗದವಾಗಿ ತಲುಪಬೇಕು. ಈ ಎರಡರ ನಡುವೆ ಒಬ್ಬ ಭಾಷಾಂತರಕಾರ ಕುಳಿತಿದ್ದಾನೆ.

ಅವನ ಮೇಜಿನ ಮೇಲೆ ಒಂದು ಸಾಲಿನ ಸಂದೇಶ ಬಂದಿದೆಯೆಂದು ಭಾವಿಸೋಣ. 'ವೆಯಿಂತೆ ಎಸ್ತಿಬಾಸ್ ಎನ್ ಬೊದೇಗಾ.' ಕಳುಹಿಸಿದ ಊರು ಕಾರ್ತಹೇನಾ. 'ವೆಯಿಂತೆ' ಎಂದರೆ ಇಪ್ಪತ್ತು, ಅದರಲ್ಲಿ ತೊಡಕಿಲ್ಲ. ಉಳಿದೆರಡು ಮಾತುಗಳನ್ನು ನೋಡಿ. 'ಎಸ್ತಿಬಾ' ಎಂದರೆ, ಹಡಗಿನೊಳಗೆ ಸರಕನ್ನು ಅಲುಗದಂತೆ, ಭಾರ ಒಂದೇ ಕಡೆಗೆ ವಾಲದಂತೆ ಒತ್ತಿ ಜೋಡಿಸುವ ಕೆಲಸ. ಒತ್ತಿ ತುಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು ಅದು. ಆ ಕೆಲಸ ಮಾಡುವವನು 'ಎಸ್ತಿಬಾದೋರ್'. ಇಂಗ್ಲಿಷಿನ 'ಸ್ಟೀವಡೋರ್' ಇದರದೇ ರೂಪಾಂತರ. ಇನ್ನು 'ಬೊದೇಗಾ' ಎಂದರೆ ಸ್ಪೇನಿನಲ್ಲಿ ದ್ರಾಕ್ಷಾರಸವನ್ನು ಕೂಡಿಡುವ ನೆಲಮಾಳಿಗೆ. ಹಡಗಿನ ಸಂಬಂಧದಲ್ಲಿ ಹೇಳಿದರೆ ಸರಕು ತುಂಬುವ ಒಳಗಿನ ಮಾಳಿಗೆ, ಹಡಗಿನ ಒಡಲು.

ಹಾಗಾದರೆ ಸರಕು ಹಡಗಿನ ಒಡಲನ್ನು ಸೇರಿತು ಎಂದು ಬರೆದುಬಿಡಬಹುದೆ? ತಾಳಿ. ಕಾರ್ತಹೇನಾ ಎಂಬ ಬಂದರುಗಳು ಎರಡಿವೆ. ಒಂದು ಸ್ಪೇನಿನ ಪೂರ್ವ ಕರಾವಳಿಯ ಪ್ರಾಚೀನ ನಗರ. ಇನ್ನೊಂದು, ಅದರ ಹೆಸರನ್ನೇ ಇಟ್ಟು ಸ್ಪ್ಯಾನಿಷರು 1533ರಲ್ಲಿ ದಕ್ಷಿಣ ಅಮೆರಿಕದ ತೀರದಲ್ಲಿ ಕಟ್ಟಿದ ಊರು. ಇಂದು ಅದು ಕೊಲಂಬಿಯಾ ದೇಶದಲ್ಲಿದೆ. ಕೊಲಂಬಿಯಾದವರ ಬಾಯಲ್ಲಿ 'ಎಸ್ತಿಬಾ' ಎಂದರೆ ಜೋಡಿಸುವ ಕೆಲಸ ಮಾತ್ರವಲ್ಲ. ಸರಕನ್ನು ಮೇಲಿಟ್ಟು ಯಂತ್ರದಿಂದ ಎತ್ತಲು ಅನುಕೂಲವಾಗುವಂತೆ ಹಲಗೆಗಳಿಂದ ಮಾಡಿದ ಮಣೆ, ಇಂಗ್ಲಿಷಿನವರ 'ಪ್ಯಾಲೆಟ್'. ಇದನ್ನೇ ಮೆಕ್ಸಿಕೋದವರು 'ತರೀಮಾ' ಎನ್ನುತ್ತಾರೆ, ಸ್ಪೇನಿನವರು 'ಪಲೇ' ಎನ್ನುತ್ತಾರೆ. 'ಬೊದೇಗಾ' ಎಂದರೆ ಕೊಲಂಬಿಯಾದಲ್ಲಿ ದಡದ ಮೇಲಿನ ಗೋದಾಮು. ಈಗ ಅದೇ ಸಾಲಿನ ಅರ್ಥ, ಇಪ್ಪತ್ತು ಮಣೆ ಸರಕು ಇನ್ನೂ ಗೋದಾಮಿನಲ್ಲಿಯೇ ಬಿದ್ದಿದೆ ಎಂದಾಗುತ್ತದೆ!

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಸರಕು ಹಡಗನ್ನು ಏರಿತೋ ಇಲ್ಲವೋ ಎಂಬ ಒಂದು ಪ್ರಶ್ನೆಯ ಮೇಲೆ ಬಹಳಷ್ಟು ನಿಂತಿದೆ. ಎಫ್.ಓ.ಬಿ. ಎಂಬ ಕರಾರಿನ ಪ್ರಕಾರ ಸರಕು ಹಡಗನ್ನು ಏರುವವರೆಗೆ ನಷ್ಟದ ಹೊಣೆ ಮಾರುವವನದು, ಏರಿದ ಮೇಲೆ ಕೊಳ್ಳುವವನದು. ಬ್ಯಾಂಕಿನ ಭರವಸೆಪತ್ರದ ಮೇಲೆ ವ್ಯಾಪಾರ ನಡೆದಿದ್ದರೆ, ಹಡಗಿಗೆ ಏರಿತು ಎಂಬ ಒಕ್ಕಣೆ ಕಾಗದದಲ್ಲಿ ಕಂಡ ಹೊರತು ಬ್ಯಾಂಕು ಅನೇಕ ವೇಳೆ ಹಣ ಬಿಡುವುದಿಲ್ಲ. ಆ ರಾತ್ರಿ ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟ ಯಾರ ತಲೆಗೆ? ಭಾಷಾಂತರಕಾರ ಬರೆದ ಒಂದು ಪದ ಅದಕ್ಕೆ ತಪ್ಪು ಉತ್ತರ ಹೇಳಿರುತ್ತದೆ.

ಊರಿಂದೂರಿಗೆ ಮಾತಿನ ಅರ್ಥ ಬದಲಾಗುವುದು ನಮಗೇನೂ ಹೊಸದಲ್ಲ. ಮಂಗಳೂರಿನವರು 'ಧಕ್ಕೆಗೆ ಹೋಗಿ ಬಂದೆ' ಎಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಗೆ ಹೋಗಿ ಬಂದರೆಂದು ಅರ್ಥ. ಬಯಲುಸೀಮೆಯವನಿಗೆ ಧಕ್ಕೆಯೆಂದರೆ ಪೆಟ್ಟು, ಹಾನಿ. 'ಸರಕು ಧಕ್ಕೆಯಲ್ಲಿದೆ' ಮತ್ತು 'ಸರಕಿಗೆ ಧಕ್ಕೆಯಾಗಿದೆ' ಎಂಬೆರಡನ್ನು ಕನ್ನಡಿಗನು ವಿಭಕ್ತಿಯ ಬಲದಿಂದಲೇ ಬಿಡಿಸಿಕೊಳ್ಳುತ್ತಾನೆ. ನಮ್ಮ ಭಾಷಾಂತರಕಾರನಿಗೂ ಅಂಥದೊಂದು ಎಳೆ ಸಿಕ್ಕುತ್ತದೆ. ಸಂದೇಶದಲ್ಲಿ ಎಣಿಕೆ ಇದೆ, ಇಪ್ಪತ್ತು. ಜೋಡಿಸುವ ಕೆಲಸವನ್ನು ಯಾರೂ ಇಪ್ಪತ್ತೆಂದು ಎಣಿಸುವುದಿಲ್ಲ, ಮಣೆಗಳನ್ನು ಎಣಿಸುತ್ತಾರೆ. ಆದ್ದರಿಂದ ಇದು ಕೊಲಂಬಿಯಾದ ಕಾರ್ತಹೇನಾ ಎಂದು ಊಹಿಸಬಹುದು. ಆದರೂ ತೊಡಕು ಪೂರ್ತಿ ಕಳೆಯಲಿಲ್ಲ. ಅಲ್ಲಿಯೂ ಹಡಗಿನ ಒಡಲಿಗೆ 'ಬೊದೇಗಾ' ಎಂಬ ಹೆಸರೇ ಇದೆ. ಈ ಸಾಲನ್ನು ಸದ್ಯಕ್ಕೆ ಹೀಗೆಯೇ ಬಿಟ್ಟಿರೋಣ, ಕೊನೆಯಲ್ಲಿ ಮತ್ತೆ ನೋಡೋಣ.

ವಸ್ತುಗಳ ಮಾತು ಹೀಗಾದರೆ, ವ್ಯಕ್ತಿಗಳ ಮಾತು ಇನ್ನೂ ಸೂಕ್ಷ್ಮ. ಸ್ಪ್ಯಾನಿಷಿನಲ್ಲಿ 'ಫ್ಲೇತೆ' ಎಂದರೆ ಹಡಗಿನ ಸಾಗಣೆಯ ಬಾಡಿಗೆ. ಇದರಿಂದ ಎರಡು ಕರ್ತೃಪದಗಳು ಹುಟ್ಟಿವೆ: 'ಫ್ಲೇತಾಂತೆ' ಮತ್ತು 'ಫ್ಲೇತಾದೋರ್'. ಮೊದಲನೆಯವನು ಹಡಗನ್ನು ಬಾಡಿಗೆಗೆ ಕೊಡುವವನು. ಎರಡನೆಯವನು ಬಾಡಿಗೆಗೆ ಹಿಡಿಯುವವನು. ಧಾತು ಒಂದೇ, ಪ್ರತ್ಯಯ ಮಾತ್ರ ಬೇರೆ. ಅವಸರದಲ್ಲಿ ಓದಿದವನು ಒಬ್ಬನ ಸಾಲವನ್ನು ಇನ್ನೊಬ್ಬನ ಹೆಸರಿಗೆ ಬರೆದುಬಿಡುತ್ತಾನೆ. ನಮ್ಮ ಆಡುಮಾತಿನಲ್ಲಿಯೂ ಸಾಲ ತೆಗೆದುಕೊಂಡವನೂ 'ಸಾಲಗಾರ', ಸಾಲ ಕೊಟ್ಟು ಮನೆಯ ಬಾಗಿಲು ತಟ್ಟುವವನೂ 'ಸಾಲಗಾರ'. ಯಾರು ಬಾಗಿಲ ಒಳಗಿದ್ದಾನೆ, ಯಾರು ಹೊರಗಿದ್ದಾನೆ ಎಂದು ನೋಡದೆ ಅರ್ಥ ಹೇಳುವಂತಿಲ್ಲ.

'ಕಾರ್ಗಾದೋರ್' ಎಂಬ ಮಾತನ್ನು ತೆಗೆದುಕೊಳ್ಳಿ. ಅಮೆರಿಕದ ಹಲವು ಸ್ಪ್ಯಾನಿಷ್ ದೇಶಗಳ ಬೀದಿಯಲ್ಲಿ ಅವನು ಹೊರೆ ಹೊರುವ ಹಮಾಲಿ. ಇಂದಿನ ಮನೆಗಳಲ್ಲಿ ಅದು ದೂರವಾಣಿಗೆ ವಿದ್ಯುತ್ತು ತುಂಬುವ ಉಪಕರಣ. ಹಡಗಿನ ಕಾಗದದಲ್ಲಿ ಮಾತ್ರ ಅವನು ಸರಕನ್ನು ಕಳುಹಿಸುವ ಪಕ್ಷಗಾರ, ಇಂಗ್ಲಿಷಿನ 'ಶಿಪ್ಪರ್'. ಈ 'ಶಿಪ್ಪರ್' ಎಂಬುದೂ ಮೋಸದ ಮಾತೇ. ಹಡಗು ಎಂಬ ಪದ ಅದರ ಹೊಟ್ಟೆಯೊಳಗಿದ್ದರೂ ಅವನು ಹಡಗಿನ ಒಡೆಯನಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಎಡವಿಸುವ ಮಾತು 'ಕೊನ್ಸಿಗ್ನತಾರಿಯೊ'. ಇಂಗ್ಲಿಷಿನ 'ಕನ್ಸೈನಿ'ಗೆ ಇದು ಅಣ್ಣನಂತೆ ಕಾಣುತ್ತದೆ. ಕನ್ಸೈನಿ ಎಂದರೆ ಸರಕನ್ನು ಪಡೆಯಬೇಕಾದವನು. ಸ್ಪ್ಯಾನಿಷಿನಲ್ಲಿ ಆ ಅರ್ಥವೂ ಉಂಟು. ಆದರೆ ಸ್ಪೇನಿನ ಬಂದರುಗಳಲ್ಲಿ ಈ ಮಾತಿಗಿರುವ ಮುಖ್ಯ ಅರ್ಥ, ಹಡಗಿನ ಒಡೆಯನ ಪರವಾಗಿ ಆ ಬಂದರಿನಲ್ಲಿ ಹಡಗಿನ ಕೆಲಸಕಾರ್ಯಗಳನ್ನು ನೋಡಿಕೊಳ್ಳುವ ಏಜೆಂಟ್. 2014ರಲ್ಲಿ ಸ್ಪೇನ್ ಹೊಸ ನೌಕಾ ಕಾನೂನು ಮಾಡಿದಾಗಲೂ ಈ ಏಜೆಂಟನಿಗೆ ಇದೇ ಹೆಸರನ್ನು ಉಳಿಸಿಕೊಂಡಿತು. ಅಣ್ಣತಮ್ಮಂದಿರ ಹೋಲಿಕೆಯನ್ನು ನಂಬಿ ಭಾಷಾಂತರ ಮಾಡಿದರೆ, ಹಡಗಿನವನ ಪ್ರತಿನಿಧಿಯೇ ಸರಕಿನ ಹಕ್ಕುದಾರನಾಗಿಬಿಡುತ್ತಾನೆ. ನಿಜವಾದ ಹಕ್ಕುದಾರ ಕಾಗದದಿಂದಲೇ ಮಾಯವಾಗುತ್ತಾನೆ.

'ಎಂಬಾರ್ಗೊ' ಕೂಡ ಇದೇ ಜಾತಿಗೆ ಸೇರಿದ್ದು. ಇಂಗ್ಲಿಷ್ ಈ ಮಾತನ್ನೂ ಸ್ಪ್ಯಾನಿಷಿನಿಂದಲೇ ಪಡೆದುಕೊಂಡಿತು. ಇಂದು ಇಂಗ್ಲಿಷಿನಲ್ಲಿ ಅದರ ಅರ್ಥ, ಒಂದು ಸರ್ಕಾರ ಇನ್ನೊಂದು ದೇಶದೊಡನೆ ವ್ಯಾಪಾರವನ್ನು ನಿಷೇಧಿಸುವುದು. ಸ್ಪ್ಯಾನಿಷಿನಲ್ಲಿ ಆ ಅರ್ಥವಿದ್ದರೂ, ನ್ಯಾಯಾಲಯದ ಕಾಗದದಲ್ಲಿ ಅದು ಜಪ್ತಿ. ಸಾಲಕ್ಕಾಗಿ ಹಡಗೊಂದನ್ನು ಬಂದರಿನಲ್ಲಿ ತಡೆದು ನಿಲ್ಲಿಸುವುದನ್ನು ಕುರಿತ 1999ರ ಅಂತರರಾಷ್ಟ್ರೀಯ ಒಪ್ಪಂದದ ಇಂಗ್ಲಿಷ್ ಹೆಸರಿನಲ್ಲಿ 'ಅರೆಸ್ಟ್' ಎಂದಿದ್ದರೆ ಸ್ಪ್ಯಾನಿಷ್ ಹೆಸರಿನಲ್ಲಿ 'ಎಂಬಾರ್ಗೊ' ಎಂದಿದೆ. ಒಬ್ಬ ವರ್ತಕನ ಬಾಕಿಯ ವಿಷಯವನ್ನು ಎರಡು ರಾಷ್ಟ್ರಗಳ ವೈಮನಸ್ಯವನ್ನಾಗಿ ಮಾಡಲು ಒಂದು ಪದವನ್ನು ಭಾಷಾಂತರ ಮಾಡದೆ ಬಿಟ್ಟರೆ ಸಾಕು!

ಪದಗಳ ನೆಂಟಸ್ತಿಕೆ ಅರ್ಥಕ್ಕೆ ಸಾಕ್ಷಿಯಲ್ಲ ಎಂಬುದಕ್ಕೆ ನಮಗೆ ಹತ್ತಿರದ ನಿದರ್ಶನವೂ ಇದೆ. ಸುಂಕದ ಕಟ್ಟೆಗೆ ಸ್ಪ್ಯಾನಿಷಿನಲ್ಲಿ 'ಅದುವಾನಾ' ಎನ್ನುತ್ತಾರೆ. ಇದು ಅರಬರ ಮೂಲಕ ಅಲ್ಲಿಗೆ ಹೋದ 'ದಿವಾನ್' ಎಂಬ ಪದದ ರೂಪ. ಅದೇ ಪಾರಸಿ ಮೂಲದ ಪದ ಪೂರ್ವಕ್ಕೆ ಬಂದು ಮೈಸೂರು ಸಂಸ್ಥಾನದ ದಿವಾನರ ಪದವಿಯಾಯಿತು. ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡುವ ಗುಮಾಸ್ತನ ಕಚೇರಿಯನ್ನು ಯಾರಾದರೂ ದಿವಾನರ ಕಚೇರಿಯೆಂದು ಕನ್ನಡಿಸಿದರೆ ನಾವು ನಗುತ್ತೇವೆ. 'ಎಂಬಾರ್ಗೊ'ವನ್ನು ಹಾಗೆಯೇ ಬಿಟ್ಟಾಗ ಯಾರೂ ನಗುವುದಿಲ್ಲ. ತಪ್ಪು ಅಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಇನ್ನು ಹಡಗಿನ ಮುಖ್ಯ ದಸ್ತಾವೇಜನ್ನು ನೋಡೋಣ. ಅದರ ಹೆಸರು 'ಕೊನೊಸಿಮಿಯೆಂತೊ ದೆ ಎಂಬಾರ್ಕೆ'. ಅಕ್ಷರಶಃ ಹೇಳುವುದಾದರೆ 'ಹಡಗೇರಿಕೆಯ ಜ್ಞಾನ'! ಇಲ್ಲಿ ಜ್ಞಾನವೆಂದರೆ ವೇದಾಂತದ ಜ್ಞಾನವಲ್ಲ. 'ಇಷ್ಟು ಸರಕು ನನ್ನ ವಶಕ್ಕೆ ಬಂದದ್ದನ್ನು ಬಲ್ಲೆ, ಒಪ್ಪುತ್ತೇನೆ' ಎಂದು ಹಡಗಿನವನು ಕೊಡುವ ಒಪ್ಪಿಗೆ. ಇಂಗ್ಲಿಷಿನಲ್ಲಿ ಇದು 'ಬಿಲ್ ಆಫ್ ಲೇಡಿಂಗ್'. ಸರಕು ಸೇರಿದ ರಸೀತಿ, ಸಾಗಣೆಯ ಕರಾರಿಗೆ ಸಾಕ್ಷ್ಯ, ಸರಕಿನ ಮೇಲಣ ಹಕ್ಕಿನ ಪತ್ರ, ಹೀಗೆ ಮೂರು ಕೆಲಸಗಳನ್ನು ಈ ಒಂದು ಕಾಗದ ಮಾಡುತ್ತದೆ. ಇಂಥಲ್ಲಿ ಪದಕ್ಕೆ ಪದ ಹುಡುಕುವುದು ವ್ಯರ್ಥ. ಈ ಕಾಗದ ಏನು ಕೆಲಸ ಮಾಡುತ್ತದೆ, ಅದೇ ಕೆಲಸ ಮಾಡುವ ಇಂಗ್ಲಿಷ್ ಕಾಗದ ಯಾವುದು ಎಂದು ಹುಡುಕಬೇಕು.

'ಅವೆರೀಯಾ' ಎಂಬ ಮಾತಿನಲ್ಲಿ ಈ ನಿಯಮದ ಮಹತ್ವ ಚೆನ್ನಾಗಿ ಕಾಣುತ್ತದೆ. ಮೋಟಾರು ಕೆಟ್ಟು ನಿಂತರೂ ಸ್ಪ್ಯಾನಿಷಿನಲ್ಲಿ 'ಅವೆರೀಯಾ'. ಸರಕು ನೆನೆದು ಹಾಳಾದರೂ 'ಅವೆರೀಯಾ'. ಆದರೆ 'ಅವೆರೀಯಾ ಗ್ರುಯೇಸಾ' ಎಂದೊಡನೆ ಅರ್ಥ ಬೇರೆಯಾಗುತ್ತದೆ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ನಾಯಕನು ಒಬ್ಬ ವರ್ತಕನ ಸರಕನ್ನು ಸಮುದ್ರಕ್ಕೆ ಎಸೆದನೆಂದು ಇಟ್ಟುಕೊಳ್ಳಿ. ಉಳಿದವರೆಲ್ಲರ ಸರಕು ಆ ತ್ಯಾಗದಿಂದ ಉಳಿಯಿತು. ಆದ್ದರಿಂದ ಆ ನಷ್ಟವನ್ನು ಎಲ್ಲರೂ, ಹಡಗಿನ ಒಡೆಯನೂ ಸೇರಿ, ತಮ್ಮ ತಮ್ಮ ಸ್ವತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಗ್ರಹ ಮಾಡಿಸಿದ ರೋಮನ್ ನ್ಯಾಯಗ್ರಂಥದಲ್ಲಿ ರೋಡ್ಸ್ ದ್ವೀಪದ ಹೆಸರಿನಲ್ಲಿಯೇ ಈ ಧರ್ಮ ದಾಖಲಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಜನರಲ್ ಆವರೇಜ್' ಎಂಬ ಹೆಸರು. ಹಾನಿ ಎಂಬರ್ಥದ ಅರಬ್ಬೀ ಪದವೊಂದು ಮೆಡಿಟರೇನಿಯನ್ ಬಂದರುಗಳನ್ನು ಹಾದು 'ಆವರೇಜ್' ಆಯಿತು. ನಷ್ಟವನ್ನು ಸಮನಾಗಿ ಹಂಚುವ ಲೆಕ್ಕದಿಂದಲೇ ಅದಕ್ಕೆ 'ಸರಾಸರಿ' ಎಂಬ ಅರ್ಥ ಬಂದದ್ದು. ಶಾಲೆಯ ಮಕ್ಕಳು ಅಂಕಗಳಿಗೆ ತೆಗೆಯುವ ಸರಾಸರಿಯ ಇಂಗ್ಲಿಷ್ ಹೆಸರಿನ ಹಿಂದೆ, ಸಮುದ್ರಕ್ಕೆ ಎಸೆದ ಮೂಟೆಗಳಿವೆ.

ಇದು ಹಳೆಯ ಕಥೆಯೆಂದು ತಿಳಿಯಬೇಕಾಗಿಲ್ಲ. 2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ನಿಂತಿತು. ಅದರ ಮೇಲೆ 18,000ಕ್ಕೂ ಹೆಚ್ಚು ಕಂಟೇನರುಗಳಿದ್ದವು. ಏಪ್ರಿಲ್‌ನಲ್ಲಿ ಹಡಗಿನ ಒಡೆಯರು ಜನರಲ್ ಆವರೇಜ್ ಘೋಷಿಸಿದರು. ತಮ್ಮ ಪೆಟ್ಟಿಗೆಗೆ ಒಂದು ಗೀರೂ ಬೀಳದಿದ್ದವರು ಕೂಡ ಸರಕು ಬಿಡಿಸಿಕೊಳ್ಳುವ ಮೊದಲು ತಮ್ಮ ಪಾಲಿಗೆ ಜಾಮೀನು ಕೊಡಬೇಕಾಯಿತು. 'ಅವೆರೀಯಾ ಗ್ರುಯೇಸಾ'ವನ್ನು 'ಭಾರಿ ಹಾನಿ' ಎಂದು ಭಾಷಾಂತರ ಮಾಡಿದರೆ, ಓದಿದ ವರ್ತಕ 'ನನ್ನ ಸರಕಿಗೆ ಹಾನಿಯಾಗಿಲ್ಲವಲ್ಲ' ಎಂದು ನಿಶ್ಚಿಂತನಾಗಿ ಕುಳಿತುಕೊಳ್ಳುತ್ತಾನೆ.

ಕಾಲದ ಲೆಕ್ಕದಲ್ಲಿಯೂ ಇಂಥ ತೊಡಕುಗಳಿವೆ. ಸರಕನ್ನು ತುಂಬಲು, ಇಳಿಸಲು ಬಾಡಿಗೆದಾರನಿಗೆ ಇಷ್ಟು ಕಾಲವೆಂದು ಕರಾರಿನಲ್ಲಿ ಗೊತ್ತುಮಾಡಿರುತ್ತಾರೆ. ಆ ಕಾಲಕ್ಕೆ ಸ್ಪ್ಯಾನಿಷಿನಲ್ಲಿ 'ಪ್ಲಾಂಚಾ' ಎಂಬ ಮಾತುಂಟು. ಮನೆಯಲ್ಲಿ ಅದು ಇಸ್ತ್ರಿಪೆಟ್ಟಿಗೆ! ಗಡುವು ಮೀರಿದ ಮೇಲೆ ತೆರಬೇಕಾದ ಹಣಕ್ಕೆ 'ದೆಮೋರಾ' ಎನ್ನುತ್ತಾರೆ. ಸಾಮಾನ್ಯ ಮಾತಿನಲ್ಲಿ ಅದು ಬರಿಯ ತಡ. 1885ರ ಸ್ಪೇನಿನ ವಾಣಿಜ್ಯ ಸಂಹಿತೆಯಲ್ಲಿ ಇದೇ ವಿಷಯಕ್ಕೆ 'ಎಸ್ತದಿಯಾ', 'ಸೊಬ್ರೆಸ್ತದಿಯಾ' ಎಂಬ ಬೇರೆ ಮಾತುಗಳಿದ್ದವು. 2014ರ ಕಾನೂನಿನಲ್ಲಿ 'ಪ್ಲಾಂಚಾ', 'ದೆಮೋರಾ'ಗಳು ಬಂದವು. ಆದುದರಿಂದ ಊರನ್ನು ಮಾತ್ರವಲ್ಲ, ಕಾಗದದ ವಯಸ್ಸನ್ನೂ ಕೇಳಬೇಕು.

ಹಾಗೆಂದು ಇಂಗ್ಲಿಷಿನ ದಡವಾದರೂ ಗಟ್ಟಿಯೆ? ಅದೂ ಇಲ್ಲ. 'ಡಾಕ್' ಎಂದರೆ ಬ್ರಿಟನ್ನಿನ ಹಳೆಯ ರೂಢಿಯಲ್ಲಿ ಹಡಗು ನಿಲ್ಲುವ ನೀರಿನ ಕೊಳ. ಅಮೆರಿಕದಲ್ಲಿ ಅದರ ಪಕ್ಕದ ಕಟ್ಟೆ. ಸ್ಪ್ಯಾನಿಷಿನಲ್ಲಿ ಕೊಳಕ್ಕೆ 'ದಾರ್ಸೇನಾ', ಕಟ್ಟೆಗೆ 'ಮ್ವೆಯೆ' ಎಂದು ಎರಡು ಹೆಸರುಗಳು ಸ್ಪಷ್ಟವಾಗಿವೆ; ಇಂಗ್ಲಿಷಿಗೆ ಬಂದಾಗ ಎರಡೂ ಒಂದರೊಳಗೊಂದು ಬೆರೆಯುತ್ತವೆ. ತೂಕವೂ ಹಾಗೆಯೇ. ಬ್ರಿಟಿಷರ ಹಳೆಯ ಟನ್ನು 2,240 ಪೌಂಡು, ಅಮೆರಿಕದವರದು 2,000 ಪೌಂಡು, ಮೆಟ್ರಿಕ್ ಟನ್ನು 1,000 ಕಿಲೋಗ್ರಾಂ. 30,000 ಟನ್ ಗೋಧಿಯ ವ್ಯವಹಾರದಲ್ಲಿ ಮೊದಲೆರಡರ ನಡುವಣ ವ್ಯತ್ಯಾಸವೇ 3,200 ಮೆಟ್ರಿಕ್ ಟನ್ನುಗಳನ್ನು ಮೀರುತ್ತದೆ. ಅಂಕಿಗಳ ನಡುವಣ ಚುಕ್ಕೆಯೂ ಭಾಷಾಂತರ ಬೇಡುತ್ತದೆ. ಸ್ಪೇನ್, ಅರ್ಜೆಂಟೀನಾಗಳ ರೂಢಿಯಲ್ಲಿ 3.250 ಎಂದು ಬರೆದರೆ ಮೂರು ಸಾವಿರದ ಇನ್ನೂರ ಐವತ್ತು. ಇಂಗ್ಲಿಷಿನವರಿಗೆ ಅದು ಮೂರೂಕಾಲು. ಮೆಕ್ಸಿಕೋದವರು ಸ್ಪ್ಯಾನಿಷ್ ಆಡಿದರೂ ಚುಕ್ಕೆಯನ್ನು ಇಂಗ್ಲಿಷಿನವರಂತೆ ಇಡುತ್ತಾರೆ. ಭಾರ ಎತ್ತುವ ಕ್ರೇನಿಗೆ ಈ ಭೇದವನ್ನು ಯಾರೂ ವಿವರಿಸಿ ಹೇಳಲಾಗುವುದಿಲ್ಲ.

ಇಷ್ಟು ಹೊತ್ತು ಹಣದ ಮಾತಾಯಿತು. ಪ್ರಾಣದ ಮಾತೂ ಇದೆ. ಡಬ್ಬಗಳ ಮೇಲೆ ಸ್ಪ್ಯಾನಿಷಿನಲ್ಲಿ 'ಇನ್ಫ್ಲಮಾಬ್ಲೆ' ಎಂದು ಬರೆದಿದ್ದರೆ ಬೇಗ ಬೆಂಕಿ ಹತ್ತುವ ವಸ್ತುವೆಂದು ಅರ್ಥ. ಇಂಗ್ಲಿಷಿನಲ್ಲಿ 'ಇನ್‌ಫ್ಲಾಮಬಲ್' ಎಂದರೂ ಅದೇ. ಆದರೆ ಇಂಗ್ಲಿಷಿನಲ್ಲಿ 'ಇನ್' ಎಂಬುದು ಎಷ್ಟೋ ಪದಗಳಲ್ಲಿ ನಿಷೇಧದ ಅರ್ಥ ಕೊಡುವುದರಿಂದ, ಓದಿದವನು ಬೆಂಕಿ ಹತ್ತದ ವಸ್ತುವೆಂದು ಭ್ರಮಿಸುವ ಅಪಾಯವಿದೆ. 'ಅಮೂಲ್ಯ' ಎಂದರೆ ಬೆಲೆಯಿಲ್ಲದ್ದು ಎಂದು ತಿಳಿದು ಚಿನ್ನವನ್ನು ಬೀದಿಗೆಸೆದಂತೆ. ಇದನ್ನು ಕಂಡು ಬೆಂಕಿ ಅಪಘಾತ ತಡೆಯುವ ಕೆಲಸದವರು ಇಪ್ಪತ್ತನೆಯ ಶತಮಾನದಲ್ಲಿ 'ಫ್ಲಾಮಬಲ್' ಎಂಬ ಮೋಟು ರೂಪವನ್ನು ಬಳಕೆಗೆ ತಂದರು. ಅಪಾಯಕರ ಸರಕಿನ ಅಂತರರಾಷ್ಟ್ರೀಯ ನಿಯಮಗಳಲ್ಲಿಯೂ ಇಂದು ಅದೇ ಇದೆ. ಇಲ್ಲಿ ಭಾಷಾಂತರಕಾರನು ಪದದ ಹತ್ತಿರದ ಬಂಧುವನ್ನು ಬಿಟ್ಟು, ತುಸು ದೂರದವನನ್ನು ಕರೆಯಬೇಕು. ರಾತ್ರಿ ಪಾಳಿಯಲ್ಲಿ ಹಡಗಿನ ಒಡಲಿಗೆ ಇಳಿಯುವ ಕೂಲಿಯವನಿಗೆ ವ್ಯುತ್ಪತ್ತಿ ಬೇಕಿಲ್ಲ; ಬೀಡಿ ಹಚ್ಚಬಾರದೆಂಬುದು ತಿಳಿದರೆ ಸಾಕು.

ಈಗ ನಾವು ಬಿಟ್ಟುಬಂದ ಆ ಒಂದು ಸಾಲಿಗೆ ಮರಳೋಣ. ಇಪ್ಪತ್ತು ಎಸ್ತಿಬಾ ಬೊದೇಗಾದಲ್ಲಿವೆ. ಒಳ್ಳೆಯ ಭಾಷಾಂತರಕಾರ ಏನು ಮಾಡುತ್ತಾನೆ? ಇಪ್ಪತ್ತು ಮಣೆ ಸರಕು ಎಂಬಷ್ಟನ್ನು ಧೈರ್ಯವಾಗಿ ಬರೆಯುತ್ತಾನೆ. ಅದಕ್ಕೆ ಎಣಿಕೆಯ ಆಧಾರವಿದೆ. 'ಬೊದೇಗಾ'ದ ಮುಂದೆ ಲೇಖನಿ ನಿಲ್ಲಿಸುತ್ತಾನೆ. ಸಂದರ್ಭ ನೋಡಿದರೆ ಗೋದಾಮೇ ಇರಬೇಕೆಂದು ಅವನಿಗೆ ಅನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನು ತಿಳಿದದ್ದೆಂದು ಬರೆಯುವ ಅಧಿಕಾರ ಅವನಿಗಿಲ್ಲ. ಆದುದರಿಂದ ಕಾರ್ತಹೇನಾಕ್ಕೆ ತಾನೂ ಒಂದು ಸಾಲು ಬರೆಯುತ್ತಾನೆ: 'ಸರಕು ದಡದ ಗೋದಾಮಿನಲ್ಲಿದೆಯೋ, ಹಡಗಿನ ಒಡಲಿನಲ್ಲಿದೆಯೋ ದಯವಿಟ್ಟು ತಿಳಿಸಿ.' ಕೆಲಸ ಕೊಟ್ಟವರಿಗೆ ಇದರಿಂದ ಅರ್ಧ ದಿನ ತಡವಾಗಬಹುದು. 'ಇಷ್ಟೂ ಗೊತ್ತಿಲ್ಲವೆ?' ಎಂದು ಅವರು ಗೊಣಗಲೂಬಹುದು. ಆ ಗೊಣಗಾಟವನ್ನು ಕೇಳಿಸಿಕೊಂಡು ಸುಮ್ಮನಿದ್ದು, ಉತ್ತರ ಬಂದ ಮೇಲೆಯೇ ಆ ಪದವನ್ನು ಬರೆಯುವುದು ಅವನ ಕಸಬಿನ ಒಂದು ಭಾಗ.